ಸತ್ತ ಧಣಿ ಊಟಕ್ಕೆ ಕರೆದದ್ದು

ಮೈಲಾರಲಿಂಗಪ್ಪನಿಗೆ ಮಾಸ್ತರಿಕೆಯ ಹುಕುಂ ಬಂದ ದಿನ ಗುರುಗುಂಟಾದಲ್ಲಿ ಅವನ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಕುರಿ ಕಾಯುವವರ ಮನೆತನದಲ್ಲಿ ಸರಕಾರಿ ಪಗಾರದ ಮುಖ ಕಂಡವರು ಅದುವರೆಗೆ ಯಾರೂ ಇರಲಿಲ್ಲ. ಮಗ ಮಾತ್ರ ಆ ಸಕ್ಕರೆಯನ್ನು ಬಾಯಿಗೂ ಹಾಕಿಕೊಳ್ಳದೆ, ಮುಖ ಸಣ್ಣದು ಮಾಡಿಕೊಂಡು ಲಿಂಗಸುಗೂರಿನ ದಾರಿ ಹಿಡಿದ. ಅಲ್ಲಿ ಹಂಪಣ್ಣನಿದ್ದ.

ಹಂಪಣ್ಣ ಅವನ ಗೆಳೆಯ, ಗುರು, ಮೇಲಾಗಿ ಅವನ ಮನಸ್ಸಾಕ್ಷಿ. ಹೈದರಾಬಾದಿನ ಹಾಸ್ಟೆಲಿನಲ್ಲಿ ಇಬ್ಬರೂ ಒಂದೇ ಖೋಲಿಯಲ್ಲಿದ್ದವರು, ಮಾರ್ಕ್ಸ್‌ವಾದ ಕಲಿತದ್ದೂ ಅಲ್ಲಿಯೇ. ಕಲಿತ ಮೇಲೆ ಮೈಲಾರಲಿಂಗಪ್ಪ ಹೊಟ್ಟೆಪಾಡಿಗೆ ಕೆಲಸ ಹುಡುಕಿದ. ಹಂಪಣ್ಣನಿಗೆ ಆ ತೊಂದರೆ ಇರಲಿಲ್ಲ, ಅವನ ಅಪ್ಪನದು ದೊಡ್ಡ ಹತ್ತಿ ಅಂಗಡಿ. ಹತ್ತಿ ತುಂಬಿದ ಅಂಡಿಗೆ ಮೂಟೆಗಳ ಮೇಲೆ ಒರಗಿಕೊಂಡು ಅವನು ದುಡಿಯುವ ವರ್ಗದ ಬಗ್ಗೆ ತಾಸುಗಟ್ಟಲೆ ಮಾತಾಡುತ್ತಿದ್ದ. ನಡುವೆ ಹಮಾಲರು ಬಂದು ಅವನ ಕೆಳಗಿನ ಅಂಡಿಗೆ ಬೇಕೆಂದರೆ, "ತಡೀರಪಾ, ಮಾತು ಮುಗೀಲಿ," ಎನ್ನುತ್ತಿದ್ದ.

"ಸಾಲಿ ಅಂದ್ರ ಏನಂತ ತಿಳದಿ?" ಎಂದ ಹಂಪಣ್ಣ, ಹುಕುಮಿನ ಕಾಗದವನ್ನು ಎರಡು ಬೆರಳಲ್ಲಿ ಹಿಡಿದು. "ಅದೊಂದು ಕಾರ್ಖಾನಿ. ಒಳಗ ಹುಡುಗರನ್ನ ಹಾಕ್ತಾರ, ಹೊರಗ ಆಳು ಬೀಳ್ತಾವ. ಗಂಟಿ ಹೊಡದ್ರ ಏಳೋದು, ಗಂಟಿ ಹೊಡದ್ರ ಕೂಡೋದು, ಸಾಲಾಗಿ ನಿಲ್ಲೋದು, ದೊಡ್ಡೋರು ಅಂದದ್ದಕ್ಕೆಲ್ಲ ಹೌದ್ರಿ ಅನ್ನೋದು. ಪಾಠ ಅಂದ್ರ ಇಷ್ಟ. ಅಕ್ಷರ ಅನ್ನೋದು ಮ್ಯಾಲ ಸವರಿದ ಬೆಲ್ಲ. ಕೂತು ಉಣ್ಣೋರಿಗೆ ಬಗ್ಗಿ ದುಡಿಯೋರನ್ನ ತಯಾರು ಮಾಡಿ ಕೊಡಾಕ ಸಾಲಿ ಇರೋದು."

"ಅಂದ್ರ ನಾನು?"

"ನೀ ಆ ಕಾರ್ಖಾನಿಯ ಮುಕದ್ದಮ, ನಿಂತು ಕೆಲಸ ತಗಿಸಾವ. ಹೋಗು, ಬ್ಯಾಡ ಅನ್ನಂಗಿಲ್ಲ. ಆದ್ರ ಒಂದಿನ ನಾ ಬರ್ತೀನಿ. ಬಂದು, ಮೈಲಾರಿ, ನೀ ಯಾರ ಆಳು ಅಂತ ಕೇಳ್ತೀನಿ. ಅವತ್ತ ನನ್ನ ಮುಖ ನೋಡಿ ಜವಾಬು ಹೇಳಬೇಕು."

ಈ ಮಾತು ಕಾಲಿಗೆ ನೆಟ್ಟ ಜಾಲಿಮುಳ್ಳಿನಂತೆ ಮೈಲಾರಲಿಂಗಪ್ಪನ ಜೊತೆಗೇ ಪ್ರಯಾಣ ಮಾಡಿತು. ಶಾಲೆಯ ಒಳಗಿದ್ದೂ ಸಾವಕಾರರ ಆಳಾಗದೆ ಇರಬೇಕು, ಶಾಲೆಯ ಹಿಂದಿನ ಗುಟ್ಟನ್ನು ಊರಿಗೆ ಬಯಲು ಮಾಡಬೇಕು, ಎದುರು ಮಾತಾಡುವ ಒಬ್ಬನನ್ನಾದರೂ ತಯಾರು ಮಾಡಿ ಹಂಪಣ್ಣನ ಮುಂದೆ ನಿಲ್ಲಿಸಬೇಕು. ಹೀಗೆಂದು ನಿಶ್ಚಯ ಮಾಡಿಕೊಂಡು ಅವನು ಮಸ್ಕಿಯಲ್ಲಿ ಬಸ್ಸಿಳಿದ. ಅಲ್ಲಿಂದ ಎತ್ತಿನ ಗಾಡಿಯಲ್ಲಿ ಕುಲುಕಾಡುತ್ತ ಮರಡಿಹಾಳ ಸೇರಿದ. ಪೊಲೀಸ್ ಆಕ್ಷನ್ ಆಗಿ ನಾಲ್ಕು ವರ್ಷವಾಗಿತ್ತು. ಕಚೇರಿಗಳಲ್ಲಿ ನಿಜಾಮರ ಚಿತ್ರ ಇಳಿದಿತ್ತು, ಶಾಲೆಗಳಲ್ಲಿ ಉರ್ದು ಹೋಗಿ ಕನ್ನಡ ಬಂದಿತ್ತು. ಮರಡಿಹಾಳದಲ್ಲಿ ಮಾತ್ರ ದೊಡ್ಡಬಸಪ್ಪ ಸಾವಕಾರರು ಇದ್ದಲ್ಲಿಯೇ ಇದ್ದರು.

ಊರ ಹೊಲದಲ್ಲಿ ಮುಕ್ಕಾಲು ಪಾಲು ಅವರದು. ಶಾಲೆಗೆ ಜಾಗ ಕೊಟ್ಟವರೂ ಅವರೇ. ಮಾಸ್ತರ ಕೈಮುಗಿದು ನಿಂತಾಗ ಅವರು ಪಡಸಾಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಬರ್ರಿ ಮಾಸ್ತರ. ಸಾಲಿ ಯಾಕ ತಗಿಸೀನಿ ಅನ್ನೋದು ಮೊದಲ ಹೇಳಿಬಿಡ್ತೀನಿ. ನಮ್ಮ ಆಳುಗಳಿಗೆ ಹೊತ್ತಿಗೆ ಬರೋದು ಗೊತ್ತಿಲ್ಲ. ಸಾಲಾಗಿ ನಿಂದ್ರಂದ್ರ ಕುರಿ ಹಿಂಡಿನಂಗ ನಿಲ್ತಾವ. ಇವರ ಮಕ್ಕಳಿಗೆ ಈಗಿಂದ ಹೊತ್ತಿಗೆ ಬರೋದು, ಕೂಡಂದ್ರ ಕೂಡೋದು, ಎದುರು ಮಾತಾಡದಿರೋದು ಇಷ್ಟು ಕಲಸ್ರಿ. ಓದು ಬರಹ ಒಂದೀಟು ಸಾಕು. ಲೆಕ್ಕ ಮಾತ್ರ ಬಾಳ ಕಲಸಬ್ಯಾಡ್ರಿ, ನಮಗ ತ್ರಾಸಾಗತೈತಿ."

ಮಾಸ್ತರ ಹೈದರಾಬಾದಿನಲ್ಲಿ ಎರಡು ವರ್ಷ ಕದ್ದು ಮುಚ್ಚಿ ಓದಿ, ಕಣ್ಣು ಕೆಂಪಗೆ ಮಾಡಿಕೊಂಡು ಕಂಡುಹಿಡಿದಿದ್ದ ಗುಟ್ಟು ಅದು. ಅದನ್ನು ಬಯಲು ಮಾಡಲೆಂದೇ ಅವನು ಬಂದಿದ್ದ. ಸಾವಕಾರರು ಅದನ್ನು ಎಲೆ ಮಡಚುವಷ್ಟರಲ್ಲಿ ಹೇಳಿ ಮುಗಿಸಿ, ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ್ದರು. ಇನ್ನು ಊರಿಗೆ ಬಯಲು ಮಾಡಲು ಅವನ ಹತ್ತಿರ ಏನೂ ಉಳಿದಿರಲಿಲ್ಲ.

ಇಲ್ಲಿ ಸಾವಕಾರರ ಅಪ್ಪನ ಸಂಗತಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಆಗುವುದು ಅವರಿಂದಲೇ. ತೀರಿಕೊಂಡ ಆ ಹಿರಿಯರನ್ನು ಊರು ದೊಡ್ಡ ಧಣಿ ಎನ್ನುತ್ತಿತ್ತು. ಮರಡಿಹಾಳದಲ್ಲಿ ಗಡಿಯಾರ ಇರಲಿಲ್ಲ, ಹೊತ್ತು ಇರುತ್ತಿದ್ದದ್ದು ದೊಡ್ಡ ಧಣಿಯ ಬಾಯಲ್ಲಿ. ನೆತ್ತಿಯ ಮೇಲೆ ಬಿಸಿಲು ಸುಡುವಾಗ ಹೆಣ್ಣಾಳುಗಳು ಸೊಂಟ ನೆಟ್ಟಗೆ ಮಾಡಿ ನೋಡಿದರೆ, ಅವರು ಆಕಾಶದತ್ತ ಕಣ್ಣೆತ್ತದೆಯೇ "ಇನ್ನೂ ಹೊತ್ತೈತಿ" ಎನ್ನುತ್ತಿದ್ದರು. ಸೂರ್ಯ ಮುಳುಗಿ ಎತ್ತಿನ ಬಣ್ಣ ಕಾಣದಂತಾದರೂ ಅವರಿಗೆ ಇನ್ನೂ ಹೊತ್ತಿರುತ್ತಿತ್ತು. ಬುತ್ತಿ ಬಿಚ್ಚಿರೆಂದು ಒಂದು ದಿನವೂ ತಾವಾಗಿ ಹೇಳಿದವರಲ್ಲ. ಅವರು ಹೋದ ಮೇಲೆ ಹೊಲದ ಜೊತೆಗೆ ಆ ಮಾತೂ ಮಗನ ಪಾಲಿಗೆ ಬಂತು.

ಅಂಥ ಅಪ್ಪನ ನೆನಪಿಗೆ ದೊಡ್ಡಬಸಪ್ಪನವರು ಶಾಲೆಗೊಂದು ಗಂಟೆ ಮಾಡಿಸಿದರು. ಸಣ್ಣ ಪುಟ್ಟದ್ದಲ್ಲ, ಬಳ್ಳಾರಿಯಿಂದ ಗಾಡಿಯ ಮೇಲೆ ಬಂದ ಕಂಚಿನ ಗಂಟೆ, ಮೈಮೇಲೆ ಅಪ್ಪನ ಹೆಸರು ಕೊರೆದದ್ದು. ಶಾಲೆಯ ಬಾಗಿಲಿಗೆ ಒಂದು ಕಬ್ಬಿಣದ ತುಂಡು ಕಟ್ಟಿದ್ದರೂ ಸಾಕಾಗುತ್ತಿತ್ತು. ಆದರೆ ಬಾಗಿಲಿಗೆ ಕಟ್ಟಿದರೆ ಹೆಸರು ಬಾಗಿಲ ಮಟ್ಟಿಗೆ ಮಾತ್ರ ಉಳಿಯುತ್ತದೆ. ಸಾವಕಾರರು ಅದನ್ನು ಊರ ನಡುವಿನ ಹುಡೇವಿನ ಮೇಲೆ ತೂಗುಹಾಕಿಸಿದರು. ಹುಡೇವು ಎಂದರೆ ಹಿಂದೆ ದಂಡು ಬರುವುದನ್ನು ಕಾಯಲು ಕಟ್ಟಿದ ಎತ್ತರದ ಗುಂಡು ಗೋಪುರ. ಅಲ್ಲಿ ಬಾರಿಸಿದರೆ ಸೀಮೆಯ ಕೊನೆಯ ಹೊಲದಲ್ಲಿಯೂ ಕೇಳುತ್ತಿತ್ತು.

ದೌರೆಗೆ, ಅಂದರೆ ಊರೂರು ತಪಾಸಣೆಗೆ, ಬಂದ ತಹಶೀಲ್ದಾರ ಸಾಹೇಬರು ಗಂಟೆಗೆ ಹಾರ ಹಾಕಿದರು. ಸಾವಕಾರರು ರುಮಾಲು ಸರಿಮಾಡಿಕೊಂಡು ಭಾಷಣ ಮಾಡಿದರು.

"ಇದು ಬರೇ ಕಂಚಲ್ಲ, ನಮ್ಮಪ್ಪಾರ ದನಿ. ಇದು ಬಾರಿಸಿದ್ರ ನಮ್ಮಪ್ಪಾರು ಕೂಗಿದಂಗ. ಸಾಲಿ ಹುಡುಗರಷ್ಟ ಅಲ್ಲ, ಈ ಊರಿನ ಪ್ರತಿಯೊಬ್ಬ ಆಳೂ ಈ ದನಿಗೆ ಓಗೊಡಬೇಕು. ನಮ್ಮಪ್ಪಾರ ಮಾತು ಮೀರಿದವರಿಗೆ ನನ್ನ ಹೊಲದಾಗ ಕೆಲಸ ಇಲ್ಲ."

ಸಾಹೇಬರು ಚಪ್ಪಾಳೆ ತಟ್ಟಿದ ಮೇಲೆ ಎಲ್ಲರೂ ತಟ್ಟಿದರು. ಹಿಂದೆ ಹೆಂಗಸರ ಗುಂಪಿನಲ್ಲಿ ಗಲ್ಲಕ್ಕೆ ಕೈಹಚ್ಚಿ ಕೂತಿದ್ದ ಯಮನಮ್ಮ ಎಲ್ಲರಿಗಿಂತ ಗಟ್ಟಿಯಾಗಿ "ಹೌದ್ರಿ ಧಣಿ" ಎಂದಳು. ಆಕೆ ಹೆಣ್ಣಾಳುಗಳ ಸಾಲಿಗೆ ಮುಂದಾಳು. ಆಕೆ ಬಗ್ಗಿದರೆ ಸಾಲು ಬಗ್ಗುತ್ತಿತ್ತು, ಆಕೆ ಎದ್ದರೆ ಸಾಲು ಏಳುತ್ತಿತ್ತು. ಆ "ಹೌದ್ರಿ" ಕೇಳಿ ಮಾಸ್ತರನಿಗೆ ಮೈಯೆಲ್ಲ ಉರಿಯಿತು. ಇಷ್ಟು ವಯಸ್ಸಾದ ಹೆಂಗಸು, ನಾಚಿಕೆ ಬೇಡವೇ ಎಂದುಕೊಂಡ.

ಗಂಟೆಯನ್ನು ಮುಟ್ಟಬಾರದೆಂದು ಅವನು ಅಂದೇ ಆಣೆ ಮಾಡಿಕೊಂಡ. ಗಂಟೆಯಿಲ್ಲದ, ಸಾಲಿಲ್ಲದ, ಹೌದ್ರಿ ಎನ್ನದ ಶಾಲೆ ನಡೆಸಿ ತೋರಿಸಬೇಕೆಂದು ಅವನ ಆಸೆ. ಹುಡುಗರು ಮನಸ್ಸು ಬಂದಾಗ ಬರಲಿ, ಸಾಕೆನಿಸಿದಾಗ ಹೋಗಲಿ. ಅವರಿಗೆ ಮನಸ್ಸು ಬರುತ್ತಿದ್ದದ್ದು ಅಪರೂಪ, ಸಾಕೆನಿಸುತ್ತಿದ್ದದ್ದು ಬೇಗ. ಉಳಿದ ನಾಲ್ಕು ಹುಡುಗರನ್ನು ಸುತ್ತ ಕೂಡಿಸಿಕೊಂಡು ಅವನು ದುಡಿಮೆ ಯಾರದು, ಬೆಳೆ ಯಾರದು ಎಂದು ಬೆವರು ಸುರಿಸಿ ಹೇಳುತ್ತಿದ್ದ.

"ನಾ ಹೇಳಿದ್ದಕ್ಕೆಲ್ಲ ಹೌದ್ರಿ ಅನಬ್ಯಾಡ್ರಿ. ಯಾಕ ಅಂತ ಕೇಳ್ರಿ. ತಿಳೀತೇನು?"

"ಹೌದ್ರಿ," ಎಂದವು ನಾಲ್ಕೂ.

ಗಂಟೆಯಿಲ್ಲದ್ದಕ್ಕೆ ಮಾತು ನಿಲ್ಲಿಸುವುದು ಯಾವಾಗ ಎಂಬುದು ಅವನಿಗೂ ತಿಳಿಯುತ್ತಿರಲಿಲ್ಲ. ಒಂದು ದಿನ ಶೋಷಣೆಯ ವಿಷಯ ಎಷ್ಟು ಲಂಬಿಸಿತೆಂದರೆ, ಹಸಿದ ಹುಡುಗನೊಬ್ಬ ಪಾಠದ ನಡುವೆ ಅತ್ತೇ ಬಿಟ್ಟ. ಸಾವಕಾರರ ಹೊಲದಲ್ಲಿ ಆಗುವುದೇ ತನ್ನ ಶಾಲೆಯಲ್ಲಿಯೂ ಆಗುತ್ತಿದೆ ಎಂದು ಮಾಸ್ತರನಿಗೆ ಹೊಳೆಯಲಿಲ್ಲ. ಹುಡುಗನಿಗೆ ವಿಷಯ ನಾಟಿತು ಎಂದು ಖುಷಿಪಟ್ಟ.

ಹತ್ತಿ ಬಿಡಿಸುವ ಕಾಲ ಬಂತು. ಸಾವಕಾರರು ಮಾಸ್ತರನನ್ನು ಕರೆಸಿದರು.

"ನಮ್ಮಪ್ಪಾರ ಬಾಯಿ ಯಾಕ ಮುಚ್ಚೀರಿ ಮಾಸ್ತರ? ನಾಳೆಯಿಂದ ಗಂಟಿ ಬಾರಿಸ್ರಿ. ಮುಂಜಾನಿ ಗಂಟಿಗೆ ಸಾಲಿ ಹುಡುಗರು ಸಾಲಿಗೆ, ಆಳು ಹೊಲಕ್ಕ. ತಡಾ ಮಾಡಿದವರನ್ನ ಬಾಲಪ್ಪ ಹೊಳ್ಳಿ ಕಳಸ್ತಾನ. ಆಗಂಗಿಲ್ಲ ಅಂದ್ರ ಹೇಳ್ರಿ, ಬ್ಯಾರೆ ಊರಿಗೆ ತಬಾದ್ಲಿ ಮಾಡಸ್ತೀನಿ. ನಿಮ್ಮ ಸಾಲಿ ಖಾತೆದಾಗ ನಮ್ಮ ಬೀಗರು ಅದಾರ."

ಬಾಲಪ್ಪನೆಂದರೆ ಸಾವಕಾರರ ಪರವಾಗಿ ಹೊಲದಲ್ಲಿ ಆಳುಗಳ ಮೇಲೆ ನಿಲ್ಲುವವನು. ಮಾಸ್ತರನಿಗೆ ಅವ್ವ ಹಂಚಿದ ಸಕ್ಕರೆ ನೆನಪಾಯಿತು. ಮರುದಿನ ಅವನು ಖಾತೆಯವರು ಕೊಟ್ಟ ಟೈಂಪೀಸನ್ನು ಕಂಕುಳಲ್ಲಿ ಇಟ್ಟುಕೊಂಡು ಹುಡೇವಿನ ಮೆಟ್ಟಿಲು ಹತ್ತಿದ, ಹಗ್ಗ ಜಗ್ಗಿದ. ಕೆಳಗೆ ಆಳುಗಳು ಬುತ್ತಿ ಗಂಟು ಹಿಡಿದು ಹೊಲದತ್ತ ಓಡಿದರು. ಹಂಪಣ್ಣ ಹೇಳಿದ ಕಾರ್ಖಾನೆ ಕಣ್ಣೆದುರಿಗೇ ನಡೆಯುತ್ತಿತ್ತು, ಹಗ್ಗ ಇವನ ಕೈಯಲ್ಲೇ ಇತ್ತು. ತಾನು ಯಾರ ಆಳು ಎಂಬುದು ಇನ್ನು ಕೇಳಿ ತಿಳಿಯಬೇಕಾಗಿಲ್ಲ ಎಂದು ಅವನಿಗೆ ದುಃಖವಾಯಿತು.

ಕೈ ಕೆಟ್ಟ ಮೇಲೆ ಅರ್ಧ ಕೆಟ್ಟರೇನು, ಪೂರ್ತಿ ಕೆಟ್ಟರೇನು. ಮಧ್ಯಾಹ್ನ ಹುಡುಗರ ಊಟದ ಬಿಡುವಿಗೂ ಅವನು ಖಾತೆಯ ಕಾಯ್ದೆಯಂತೆ ಮೇಲೆ ಹತ್ತಿ ಗಂಟೆ ಬಾರಿಸಿದ.

ಹೊಲದಲ್ಲಿ ಯಮನಮ್ಮ ಉಡಿಯಲ್ಲಿದ್ದ ಹತ್ತಿಯನ್ನು ರಾಶಿಗೆ ಸುರಿದು, ಸೊಂಟ ನೆಟ್ಟಗೆ ಮಾಡಿ, ಬದುವಿನ ಜಾಲಿಮರದ ನೆರಳಿಗೆ ನಡೆದಳು. ಸಾಲು ಆಕೆಯ ಹಿಂದೆ ನಡೆಯಿತು. ರೊಟ್ಟಿ, ಪುಂಡಿಪಲ್ಲೆ, ಉಳ್ಳಾಗಡ್ಡಿ ಹೊರಬಂದವು. ಬಾಲಪ್ಪ ಎರಡು ಸಲ ಕೂಗಿ, ಮೂರನೆಯ ಸಲ ಕೂಗುವುದು ಬಿಟ್ಟು ಮನೆಗೆ ಓಡಿದ. ಸಾವಕಾರರು ಉಂಡು ಮಲಗಿದ್ದವರು ಎದ್ದು, ಕೊಡೆ ಹಿಡಿದು ಹೊಲಕ್ಕೆ ಬಂದರು.

"ಏನಬೇ ಯಮನವ್ವ, ಯಾಕ ಕೂತಿ?"

"ದೊಡ್ಡ ಧಣ್ಯಾರು ಕರದ್ರಲ್ರಿ ಯಪ್ಪಾ."

"ನಮ್ಮಪ್ಪ ಸತ್ತು ಎಷ್ಟು ವರ್ಷ ಆತಬೇ?"

"ಅದಕ್ಕ ನಮಗೂ ಆಶ್ಚರ್ಯ ಆತ್ರಿ. ಇರೋತನಕ ಒಂದಿನಾನೂ ಉಣ್ಣಾಕ ಕರೀಲಿಲ್ಲ ಪುಣ್ಯಾತ್ಮ. ಈಗ ಹೋದಮ್ಯಾಲ ಬುದ್ಧಿ ತಿಳದು ಕರದಾರ. ಓಗೊಡಲಿಲ್ಲ ಅಂದ್ರ ಕೆಲಸಿಲ್ಲ ಅಂತ ಸಾಹೇಬರ ಮುಂದ ನೀವ ಹೇಳೀರಿ. ಹಿರೇರ ಮಾತು ನಾವು ಹೆಂಗ ಮೀರೋದು?"

ಸಾವಕಾರರು ಹುಡೇವಿನತ್ತ ಒಮ್ಮೆ, ಹತ್ತಿಯತ್ತ ಒಮ್ಮೆ ನೋಡಿದರು. ಗಂಟೆ ಅಪ್ಪನ ದನಿ ಅಲ್ಲವೆಂದರೆ ಅಪ್ಪನ ಇಜ್ಜತ್ತು ಹೋಗುತ್ತದೆ, ಹೌದೆಂದರೆ ಹತ್ತಿ ಗಿಡದಲ್ಲೇ ಉಳಿಯುತ್ತದೆ. ಅಷ್ಟೂ ಹೆಂಗಸರು ರೊಟ್ಟಿ ಮುರಿಯುತ್ತ ಅವರ ಮುಖವನ್ನೇ ನೋಡುತ್ತಿದ್ದರು. ಸಂಜೆ ಶಾಲೆ ಬಿಡುವ ಗಂಟೆ ಆಯಿತು. ಸೂರ್ಯ ಇನ್ನೂ ಮಾರುದ್ದ ಮೇಲಿರುವಾಗಲೇ ದೊಡ್ಡ ಧಣಿ ಮತ್ತೆ ಕರೆದರೆಂದು ಸಾಲು ಊರಿಗೆ ತಿರುಗಿತು. ಹುಟ್ಟಿದಾಗಿನಿಂದ ಯಮನಮ್ಮ ಬೆಳಕಿದ್ದಾಗ ತನ್ನ ಮನೆಯ ಬಾಗಿಲು ಕಂಡದ್ದು ಅದೇ ಮೊದಲು.

ವಿಷಯ ಕೇಳಿದ ಮಾಸ್ತರ ಶಾಲೆಯ ಕಟ್ಟೆಯ ಮೇಲೆ ಕೂತ. ಅವನಿಗೆ ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು. ಇಷ್ಟು ದಿನ ಗಂಟಲು ಹರಿದುಕೊಂಡು ತಾನು ಹೇಳಿದ್ದಕ್ಕೆ ನಾಲ್ಕು ಹೌದ್ರಿ ಬಿಟ್ಟರೆ ಏನೂ ಹುಟ್ಟಿರಲಿಲ್ಲ. ಯಾವುದನ್ನು ಬಾಯಿಗೆ ಬಂದಂತೆ ಬೈದಿದ್ದನೋ ಆ ಗಂಟೆಯೇ ಒಂದು ದಿನದಲ್ಲಿ ಇಷ್ಟು ಮಾಡಿತ್ತು.

ಅಷ್ಟರಲ್ಲಿ ಸಾವಕಾರರೇ ಶಾಲೆಗೆ ಬಂದರು. "ಮಾಸ್ತರ, ಮುಂಜಾನಿ ಗಂಟಿ ಒಂದ ಸಾಕು. ಉಳಿದೆರಡು ಬ್ಯಾಡ. ಹುಡುಗರನ್ನ ಕೈಸನ್ನಿ ಮಾಡಿ ಬಿಡ್ರಿ."

ಹೌದ್ರಿ ಎಂಬ ಮಾತು ಮಾಸ್ತರನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹನ್ನೊಂದು ವರ್ಷ ಶಾಲೆ ಕಲಿತವನ ನಾಲಿಗೆ ಅದು. ಹಂಪಣ್ಣನ ಮುಖ ಕಣ್ಣಮುಂದೆ ಬಂತು, ಅದರ ಹಿಂದೆಯೇ ಅವ್ವನ ಮುಖವೂ ಬಂತು. ಆಮೇಲೆ ಜಾಲಿ ನೆರಳಲ್ಲಿ ಕಾಲು ಚಾಚಿ ರೊಟ್ಟಿ ಮುರಿಯುವ ಯಮನಮ್ಮನನ್ನು ನೆನೆದ.

"ಆಗಂಗಿಲ್ರಿ ಧಣಿ," ಎಂದ. ದನಿ ತನ್ನದೋ ಬೇರೆಯವರದೋ ಎಂದು ಅವನಿಗೇ ಅನುಮಾನವಾಯಿತು. "ಖಾತೆದ ಕಾಯ್ದೆ ಐತಿ. ಬಾರಿಸಿದ್ರ ಮೂರೂ ಬಾರಿಸಬೇಕು."

"ಹಂಗಾದ್ರ ಗಂಟಿ ಇಳಿಸಿಬಿಡ್ತೀನಿ."

ಇಳಿಸುವುದು ಅಷ್ಟು ಸುಲಭವಿರಲಿಲ್ಲ. ಮನೆಯಲ್ಲಿ ಹೆಂಡತಿ ಪಂಪಮ್ಮ, "ಮಾವನೋರ ಹೆಸರಿಟ್ಟು ಮ್ಯಾಲ ಏರಿಸಿದೋರು ನೀವ, ಇಳಸೋರೂ ನೀವ ಏನ್ರಿ? ಬೀಗರು ಬಂದು ಕೇಳಿದ್ರ ಏನು ಹೇಳಲಿ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾವಕಾರರು ಒಂದು ದಿನವೆಲ್ಲ ಯೋಚಿಸಿ ನಡುದಾರಿ ಹುಡುಕಿದರು. ಸಂಜೆ ಬಾಲಪ್ಪ ದಪ್ಪನೆಯದೊಂದು ಕೌದಿ ಹೊತ್ತು ಹುಡೇವು ಹತ್ತಿ, ಗಂಟೆಯನ್ನು ನಾಲಿಗೆ ಸಮೇತ ಸುತ್ತಿ ಹಗ್ಗ ಬಿಗಿದ. ಇಬ್ಬನಿಗೆ ಕಂಚು ಕಪ್ಪಾಗುತ್ತದೆಂದು ಊರಿಗೆ ಹೇಳಿದರು.

ಮರುದಿನ ಮಾಸ್ತರ ಹಗ್ಗ ಜಗ್ಗಿದಾಗ ಮೇಲೆ ಹಾಸಿಗೆ ಕೊಡವಿದಷ್ಟು ಸದ್ದೂ ಆಗಲಿಲ್ಲ. ಬಿಸಿಲೇರಿತು. ಹೊಲದಲ್ಲಿ ಹತ್ತಿ ಬಾಯ್ಬಿಟ್ಟು ನಿಂತಿತ್ತು, ಬಿಡಿಸಲು ಒಂದು ನರಪಿಳ್ಳೆಯೂ ಇರಲಿಲ್ಲ. ಸಿಂಧನೂರಿನ ಕಡೆಯಿಂದ ಅಕಾಲದ ಮೋಡ ಏಳುತ್ತಿತ್ತು. ತೊಯ್ದ ಹತ್ತಿಯನ್ನು ಯಾವ ಅಂಗಡಿಯವನೂ ಮುಟ್ಟುವುದಿಲ್ಲ. ಸಾವಕಾರರು ತಾವೇ ಯಮನಮ್ಮನ ಮನೆಗೆ ಹೋದರು. ಆಕೆ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು, ಪಕ್ಕದಲ್ಲಿ ಬುತ್ತಿ ಗಂಟು ಕಟ್ಟಿಟ್ಟಿತ್ತು.

"ಯಾಕ ಬಂದಿಲ್ಲ ಒಬ್ಬರೂ?"

"ಕರೀಲಿಲ್ಲಲ್ರಿ. ಗಂಟಿ ಕೇಳಿ ಬರಬೇಕು, ಅದರ ಹಿಂದಿಲ್ಲ ಮುಂದಿಲ್ಲ ಅಂತ ಬಾಲಪ್ಪಣ್ಣ ಹೇಳ್ಯಾನ. ಬುತ್ತಿ ಕಟಗೊಂಡು ಹೊತ್ತು ಮೂಡಿದಾಗಿಂದ ಕಿವಿಗೊಟ್ಟು ಕೂತೀನಿ." ಯಮನಮ್ಮ ಹುಡೇವಿನತ್ತ ನೋಡಿ ದನಿ ತಗ್ಗಿಸಿದಳು. "ದೊಡ್ಡ ಧಣ್ಯಾರಿಗೆ ಮೈಯಾಗ ಹುಷಾರಿಲ್ಲೇನೋ ಅಂತ ನಮಗೂ ಚಿಂತಿ ಹತ್ತೇತ್ರಿ. ಕೌದಿ ಹೊತಗೊಂಡು ಮಲಗ್ಯಾರ."

ಓಣಿಯಲ್ಲಿ ಯಾರೋ ನಗುವನ್ನು ಕೆಮ್ಮಾಗಿ ಮಾಡಿಕೊಂಡರು. ಸಾವಕಾರರು ಬಾಲಪ್ಪನನ್ನು ಕೂಗಿದರು, ಅವನು ಆಳು ಹುಡುಕಲು ಪಕ್ಕದೂರಿಗೆ ಹೋಗಿದ್ದ. ಕೊನೆಗೆ ತಾವೇ ಧೋತರ ಎತ್ತಿಕಟ್ಟಿ ಹುಡೇವು ಹತ್ತಿದರು. ಇಕ್ಕಟ್ಟಿನ ಮೆಟ್ಟಿಲು, ಅಗಲವಾದ ಮೈ. ಊರೆಲ್ಲ ಕತ್ತು ಮೇಲೆ ಮಾಡಿ ನಿಂತಿತ್ತು. ಅವರು ಕೌದಿ ಬಿಚ್ಚಿ ಎಸೆದು ಸಿಟ್ಟಿನಿಂದ ಗಂಟೆ ಬಾರಿಸುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ.

"ಉಣ್ಣಾಕ ಕರದ್ರು ನೋಡ್ರಬೇ," ಎಂದು ಯಮನಮ್ಮ ಬುತ್ತಿ ಬಿಚ್ಚಿದಳು. ಎಲ್ಲರೂ ಉಂಡು, ಕೈತೊಳೆದು, ಆಮೇಲೆ ಹೊಲಕ್ಕೆ ಹೋದರು. ಪುಣ್ಯಕ್ಕೆ ಮೋಡ ತುರ್ವಿಹಾಳದ ಕಡೆ ತೇಲಿ ಹೋಯಿತು.

ಅಲ್ಲಿಂದಾಚೆ ಗಂಟೆಯ ತಂಟೆಗೆ ಸಾವಕಾರರು ಹೋಗಲಿಲ್ಲ. ತಬಾದ್ಲಿಯ ಯೋಚನೆಯನ್ನೂ ಬಿಟ್ಟರು. ಹೊಸ ಮಾಸ್ತರ ಬಂದರೂ ಅವನೂ ಮೂರೇ ಬಾರಿಸುತ್ತಾನಲ್ಲ. ಮಾಸ್ತರ ಗೆದ್ದೆನೆಂದು ಹಿಗ್ಗಿದ. ಆ ಹಿಗ್ಗು ಮುಂದಿನ ಆದಿತ್ಯವಾರದವರೆಗೆ ಇತ್ತು.

ಆದಿತ್ಯವಾರ ಸಂಜೆ ಯಮನಮ್ಮ ಬಂದು ಶಾಲೆಯ ಕಟ್ಟೆ ಹಿಡಿದು ಕೂತಳು. "ಮಾಸ್ತರ, ಇವತ್ತ ಯಾಕ ಬಾರಿಸಲಿಲ್ರಿ?"

"ಇವತ್ತ ಸಾಲಿ ಸೂಟಿ ಯಮನವ್ವ."

"ಸಾಲಿಗೆ ಸೂಟಿ ಖರೆ. ಹೊಟ್ಟಿಗೆ ಸೂಟಿ ಐತೇನ್ರಿ? ಇವತ್ತ ಗಂಟಿ ಇಲ್ಲಂತ ಬಾಲಪ್ಪಣ್ಣ ಮನಿಮನಿಗೆ ಬಂದು ಎಬ್ಬಿಸಿ ಕರಕೊಂಡು ಹೋಗಿ, ಇನ್ನೂ ಹೊತ್ತೈತಿ ಅಂತ ಕತ್ತಲಾಗೋಮಟ ದುಡಿಸ್ಯಾನ."

ಮಾಸ್ತರನ ಆದಿತ್ಯವಾರ ಹೋಯಿತು. ಬೇಸಿಗೆ ರಜೆಯಲ್ಲಾದರೂ ಗುರುಗುಂಟಾಕ್ಕೆ ಹೋಗಿ ಅವ್ವನ ಕೈಯಡುಗೆ ಉಣ್ಣಬೇಕೆಂದು ಪೆಟ್ಟಿಗೆ ಕಟ್ಟಿದ್ದ. ಯಮನಮ್ಮ ಬಂದು ಪೆಟ್ಟಿಗೆಯನ್ನೂ ಅವನನ್ನೂ ನೋಡಿ, ಹೊಲಕ್ಕೆ ಬದು ಹಾಕುವ ಕೆಲಸ ಈಗಷ್ಟೇ ಸುರುವಾಗಿದೆ ಎಂದಳು. ಬಿಸಿಲಲ್ಲಿ ಮಣ್ಣು ಹೊರುವ ಕೆಲಸ. ಅವನು ಬಾಲಪ್ಪನಿಗೆ ಗಡಿಯಾರ ನೋಡಲು ಕಲಿಸಿ ತಪ್ಪಿಸಿಕೊಳ್ಳಲು ನೋಡಿದ. ಬಾಲಪ್ಪ ಎರಡೇ ದಿನಕ್ಕೆ ಕಲಿತ, ಆದರೆ ಗಡಿಯಾರ ನೋಡುವ ಮುಂಚೆ ಸಾವಕಾರರ ಮುಖ ನೋಡುತ್ತಿದ್ದ. ಮಾಸ್ತರ ಪೆಟ್ಟಿಗೆ ಬಿಚ್ಚಿದ.

ಹಂಪಣ್ಣ ಬಂದದ್ದು ಆ ರಜೆಯಲ್ಲಿ. ಹೇಳಿದ ಮಾತು ಮರೆಯುವವನಲ್ಲ ಅವನು. ಇಸ್ತ್ರಿ ಮಾಡಿದ ಜುಬ್ಬ ಹಾಕಿಕೊಂಡು, ಮಸ್ಕಿಯಿಂದ ಬಾಡಿಗೆ ಗಾಡಿಯಲ್ಲಿ ಬಂದು ಹುಡೇವಿನ ಕೆಳಗೆ ಇಳಿದ. ಮೇಲೆ ಮೈಲಾರಲಿಂಗಪ್ಪ ತಲೆಗೆ ಟವೆಲ್ಲು ಸುತ್ತಿಕೊಂಡು, ಬೆವರುತ್ತ, ಸಾವಕಾರರ ಅಪ್ಪನ ಹೆಸರಿದ್ದ ಗಂಟೆಯನ್ನು ಬಾರಿಸುತ್ತಿದ್ದ. ಹಂಪಣ್ಣನ ಮುಖ ಅರಳಿತು, ತನ್ನ ಸಿದ್ಧಾಂತ ಇಷ್ಟು ಸ್ಪಷ್ಟವಾಗಿ ನಿಜವಾದದ್ದನ್ನು ಅವನು ಎಂದೂ ಕಂಡಿರಲಿಲ್ಲ.

"ಸಾಲಿ ಸೂಟಿ ಇದ್ರೂ ಗಂಟಿ ಬಾರಸ್ತೀಯಲ್ಲೋ ಮೈಲಾರಿ," ಎಂದ, ಗೆಳೆಯ ಕೆಳಗಿಳಿದು ಬಂದ ಮೇಲೆ. "ನಾ ಹೇಳಿದ್ದಿಲ್ಲೇನು? ಈಗ ನನ್ನ ಮುಖ ನೋಡಿ ಹೇಳು. ನೀ ಯಾರ ಆಳು?"

ಮೈಲಾರಲಿಂಗಪ್ಪ ಬಾಯಿ ತೆರೆಯುವಷ್ಟರಲ್ಲಿ ತಲೆಯ ಮೇಲಿನ ಸಿಂಬಿ ತೆಗೆಯುತ್ತ ಯಮನಮ್ಮ ಬಂದಳು. ಜುಬ್ಬದವನ ಕಡೆ ಆಕೆ ನೋಡಲೂ ಇಲ್ಲ.

"ಯಾಕ್ರಿ ಮಾಸ್ತರ, ಇವತ್ತ ಇಷ್ಟು ತಡಾ ಮಾಡಿದ್ರಿ? ನಿದ್ದಿ ಹತ್ತಿತ್ತೇನು? ಬಿಸಿಲಾಗ ಮಣ್ಣು ಹೊರೋರು ನಾವು. ನಾಳೆ ಹಿಂಗಾಗಬಾರದು ನೋಡ್ರಿ."

"ಹೌದ್ರಿ ಯಮನವ್ವ," ಎಂದ ಮಾಸ್ತರ.

ಆಕೆ ಸಿಂಬಿ ಕೊಡವಿ, ಬುತ್ತಿ ಹಿಡಿದು, ಸಾಲು ಕೂತಿದ್ದ ನೆರಳಿನ ಕಡೆ ಹೋದಳು. ಹಂಪಣ್ಣ ಬೆರಗಾಗಿ ನೋಡುತ್ತ ನಿಂತಿದ್ದ.

"ಯಾರೋ ಆಕಿ? ನಿನಗ ಜೋರು ಮಾಡಾಕತ್ತಾಳ."

"ನೀ ಕೇಳಿದ್ಯಲ್ಲ, ನಾ ಯಾರ ಆಳು ಅಂತ," ಎಂದ ಮೈಲಾರಲಿಂಗಪ್ಪ, ಟವೆಲ್ಲಿನಿಂದ ಮುಖ ಒರೆಸಿಕೊಂಡು, ಗೆಳೆಯನ ಮುಖ ನೋಡಿ. "ಆಕೀದು. ನಡಿ, ಉಣ್ಣೋಣು. ಗಂಟಿ ಆಗೇತಿ."